ಜರ್ಮನಿಯ ವೈದ್ಯರು ನಾಜಿ ಕಾಲದ ಕ್ರೌರ್ಯಕ್ಕೆ ಕ್ಷಮೆ ಕೇಳಲು 2012ರವರೆಗೆ ಯಾಕೆ ಕಾದರು?

ಮುಖ್ಯ ಕಾರಣ, ಆ ಕಾಲದವರೇ ಯುದ್ಧ ಮುಗಿದ ಮೇಲೂ ದೊಡ್ಡ ಕುರ್ಚಿಗಳಲ್ಲಿ ಕೂತಿದ್ದರು. ನಾಜಿಗಳ ಅರೆಸೇನಾ ಪಡೆಯಾದ ಎಸ್‌ಎಸ್‌ನ ಸದಸ್ಯನಾಗಿದ್ದ ಹಾನ್ಸ್ ಯೋಆಖಿಮ್ ಸೇವರಿಂಗ್ 1970ರ ದಶಕದಲ್ಲಿ ಜರ್ಮನ್ ವೈದ್ಯ ಸಂಘಕ್ಕೇ ಅಧ್ಯಕ್ಷ! 1992ರಲ್ಲಿ ವಿಶ್ವ ವೈದ್ಯಕೀಯ ಸಂಘದ ಅಧ್ಯಕ್ಷ ಸ್ಥಾನಕ್ಕೂ ಆಯ್ಕೆಯಾದ. ಪ್ರತಿಭಟನೆ ಜೋರಾದ ಮೇಲೆ 1993ರಲ್ಲಿ ಹಿಂದೆ ಸರಿದ.

1946-47ರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಕಟಕಟೆ ಹತ್ತಿದ ವೈದ್ಯರು 20 ಮಂದಿ ಮಾತ್ರ. ತಪ್ಪೆಲ್ಲ ಅಂಥ ಕೆಲವರದ್ದೇ ಎಂದು ಉಳಿದವರು ಕೈತೊಳೆದುಕೊಂಡರು. ಆದರೆ ರೋಗಿಗಳನ್ನು ಕೊಲ್ಲಲು ನಾಜಿಗಳು ನಡೆಸಿದ ಟಿ4 ಯೋಜನೆ ನೋಡಿ. ಮಾನಸಿಕ ರೋಗಿಗಳ, ಅಂಗವಿಕಲರ ವಿವರ ತುಂಬಿದ ಫಾರಂಗಳು ಆಸ್ಪತ್ರೆಗಳಿಂದ ಬರುತ್ತಿದ್ದವು. ತಜ್ಞರು ರೋಗಿಯ ಮುಖವನ್ನೂ ನೋಡದೆ ಗುರುತು ಹಾಕುತ್ತಿದ್ದರು. ಕೆಂಪು ಪ್ಲಸ್ ಅಂದರೆ ಸಾವು, ನೀಲಿ ಮೈನಸ್ ಅಂದರೆ ಬದುಕು. ಬರೆಯುವಾಗಲೇ ಹೊಟ್ಟೆ ತೊಳಸುತ್ತದೆ.

2010ರಲ್ಲಿ ಮನೋವೈದ್ಯರ ಸಂಘ ಕ್ಷಮೆ ಕೇಳಿತು. 2012ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲೇ ಸೇರಿದ ವೈದ್ಯರ ಮಹಾಸಭೆ ಕೂಡ ಕೇಳಿತು. 3,60,000ಕ್ಕೂ ಜಾಸ್ತಿ ಜನರಿಗೆ ಬಲವಂತದ ಸಂತಾನಹರಣ, 2,00,000ಕ್ಕೂ ಜಾಸ್ತಿ ಕೊಲೆ ಎಂದು ಒಪ್ಪಿಕೊಂಡಿತು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇನ್ನೊಂದು ಮಾತು: ಸರ್ಕಾರದ ಒತ್ತಡ ಅನ್ನೋ ನೆಪ ಅಲ್ಲಿಲ್ಲ, ವೈದ್ಯರೇ ಮುಂದೆ ನಿಂತು ಮಾಡಿದರು ಎಂದು ಅದು ಹೇಳಿತು. ಅಷ್ಟರಲ್ಲಿ, ನೊಂದವರಲ್ಲಿ ಬಹುಪಾಲು ಜನ ಬದುಕಿರಲಿಲ್ಲ.