ಡಿಸೆಂಬರ್‌ನಲ್ಲಿ ದಿನಕ್ಕೊಂದು ಕ್ರಿಸ್ಮಸ್ ಬಿಯರ್ ರುಚಿ ನೋಡೋದು ಅಂದ್ರೆ ಏನು? ಮಾಮೂಲಿ ಬಿಯರ್‌ಗೂ ಇದಕ್ಕೂ ಏನು ವ್ಯತ್ಯಾಸ?

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಅಡ್ವೆಂಟ್. ನಮ್ಮ ಚರ್ಚುಗಳಲ್ಲಿ ಆಗಮನ ಕಾಲ ಅಂತಾರೆ. ಜರ್ಮನಿಯಲ್ಲಿ ಮಕ್ಕಳು ದಿನ ಎಣಿಸಲಿ ಅಂತ 24 ಪುಟ್ಟ ಬಾಗಿಲುಗಳ ಕ್ಯಾಲೆಂಡರ್ ಶುರುವಾಯಿತು. ದಿನಕ್ಕೊಂದು ಬಾಗಿಲು, ಒಳಗೆ ಚಿತ್ರ ಅಥವಾ ಚಾಕೊಲೇಟ್. ದೊಡ್ಡವರು ಅದೇ ಲೆಕ್ಕದಲ್ಲಿ ಬಿಯರ್ ಬಾಟಲಿ ಇಟ್ಟುಕೊಂಡರು, ಅಷ್ಟೇ.

ವ್ಯತ್ಯಾಸ ನಿಜವಾಗಿ ಗೊತ್ತಾಗಬೇಕಾದರೆ ಬೆಲ್ಜಿಯಂನ ಬಿಯರ್ ನೋಡಬೇಕು. ವಾಟೌ ಊರಿನ ಸೇಂಟ್ ಬರ್ನಾರ್ಡಸ್ ಕ್ರಿಸ್ಮಸ್ ಏಲ್ ತಗೊಳ್ಳಿ (ಏಲ್ ಅಂದ್ರೆ ಒಂದು ಬಗೆಯ ಬಿಯರ್). ಗಾಢ ಕಂದು ಬಣ್ಣ, ಮೇಲೆ ದಪ್ಪ ನೊರೆ. ಮೂಗಿನ ಹತ್ತಿರ ಹಿಡಿದರೆ ಒಣದ್ರಾಕ್ಷಿ, ಬೆಲ್ಲದ ಪಾಕದಂಥ ವಾಸನೆ. ಆಲ್ಕೋಹಾಲ್ 10%, ನಾವು ಕುಡಿಯುವ ಮಾಮೂಲಿ ಲಾಗರ್ ಬಿಯರ್‌ನ ಎರಡು ಪಟ್ಟು! ಬೆಲ್ಜಿಯಂನದೇ ಡೆ ಡೊಲ್ಲೆ ಎಂಬ ಬ್ರೂವರಿಯವರ ಸ್ಟಿಲ್ಲೆ ನಾಖ್ಟ್ ಬಿಯರ್ 12%. ಆಸ್ಟ್ರಿಯಾದ ಸಾಮಿಕ್ಲಾಸ್ 14%. ಅದನ್ನು ವರ್ಷಕ್ಕೊಮ್ಮೆ, ಡಿಸೆಂಬರ್ 6ರ ಸಂತ ನಿಕೊಲಾಸ್ ಹಬ್ಬದ ದಿನ ಮಾತ್ರ ಕುದಿಸಿ, ಸುಮಾರು ಹತ್ತು ತಿಂಗಳು ಮಾಗಲು ಬಿಡುತ್ತಾರೆ. ಚಳಿಗೆ ಇಂಥ ಗಟ್ಟಿ ಬಿಯರ್ ಹಿತ ಅಲ್ವಾ?

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ. ತೀರಾ ತಣ್ಣಗಿದ್ದರೆ ವಾಸನೆ ಏಳುವುದೇ ಇಲ್ಲ. 10-12 ಡಿಗ್ರಿಗೆ ಬರಲಿ. ಬಾಯಿ ಅಗಲವಾದ ಗ್ಲಾಸಿಗೆ ನಿಧಾನವಾಗಿ ಸುರಿಯಿರಿ. ಮುಖ್ಯವಾಗಿ, ದಿನವೂ ಪೂರ್ತಿ ಬಾಟಲಿ ಒಬ್ಬರೇ ಮುಗಿಸಬೇಡಿ. 10% ಇರುವ 330 ಎಂಎಲ್ ಬಾಟಲಿಯಲ್ಲಿ 33 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ, 24 ದಿನವೂ ಅಷ್ಟು ಕುಡಿದರೆ ತುಂಬಾ ಜಾಸ್ತಿ. ನಾಲ್ಕು ಜನ ಸೇರಿ ಒಂದೇ ಬಾಟಲಿ ಹಂಚಿಕೊಳ್ಳಿ, ಕೆಲವು ದಿನ ಸುಮ್ನೆ ಬಿಟ್ಟುಬಿಡಿ. ರುಚಿ ನೋಡೋಕೆ ಎರಡು ಗುಟುಕು ಸಾಕು.