ಸ್ಪ್ಯಾನಿಷ್‌ನಲ್ಲಿ ಸಬ್‌ಜಂಕ್ಟಿವ್ (ಆಸೆ, ಅಪ್ಪಣೆ, ಹಾರೈಕೆಯಂಥ ಕಡೆ ಬರುವ ಕ್ರಿಯಾಪದದ ರೂಪ) ಕಲಿಯದಿದ್ದರೂ ನಡೆಯುತ್ತಾ? ಜನ ಹೇಗೂ ಅರ್ಥ ಮಾಡಿಕೊಳ್ಳುತ್ತಾರಲ್ವಾ?

ನೀವು ತಪ್ಪಾಗಿ ಮಾತಾಡಿದರೆ ಅವರು ಅರ್ಥ ಮಾಡಿಕೊಳ್ಳುತ್ತಾರೆ, ನಿಜ. ಆದರೆ ಅವರು ಸರಿಯಾಗಿ ಮಾತಾಡಿದ್ದು ನಿಮಗೆ ಅರ್ಥವಾಗಬೇಕಲ್ವಾ? ನನಗೆ ಪೆಟ್ಟು ಬಿದ್ದದ್ದು ಅಲ್ಲೇ.

ಮೆಕ್ಸಿಕೊದ ಕೆರೆತಾರೊದಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಡಿಸ್ಪ್ಯಾಚ್‌ನಲ್ಲಿದ್ದೆ. ಹೋಗಿ ಎಂಟು ತಿಂಗಳಾಗಿತ್ತು. ಸಬ್‌ಜಂಕ್ಟಿವ್ ಆಮೇಲೆ ನೋಡೋಣ ಅಂತ ನಿಮ್ಮ ಹಾಗೇ ಬಿಟ್ಟಿದ್ದೆ. ಒಬ್ಬ ಗ್ರಾಹಕರ ಜೊತೆ ಆಗ ಎರಡು ಲೋಡ್ ಬಾಕಿ ಇತ್ತು. ಕೆಟ್ಟ ಬುಶ್‌ಗಳನ್ನು ಅವರು ವಾಪಸ್ ಕಳಿಸಬೇಕಿತ್ತು, ಹೊಸದನ್ನು ನಾವು ಕಳಿಸಬೇಕಿತ್ತು. ಸೋಮವಾರ ಅವರ ಆಫೀಸಿನಿಂದ ಮೆಸೇಜ್ ಬಂತು: 'ದೀಸೆ ಎಲ್ ಇನ್‌ಹೆನಿಯೆರೊ ಕೆ ಮಾಂದೆನ್ ಲಾಸ್ ಪಿಯೆಸಾಸ್ ಎಲ್ ಹುಎವೆಸ್.' ಎಂಜಿನಿಯರ್ ಹೇಳುತ್ತಿದ್ದಾರೆ, ಗುರುವಾರ ಪೀಸ್‌ಗಳನ್ನು... ಏನು?

'ಮಾಂದಾರ್' ಅಂದರೆ ಕಳಿಸುವುದು. ಕಳಿಸುತ್ತಾರೆ ಅನ್ನಲು 'ಮಾಂದಾನ್'. ಇಲ್ಲಿ 'ಮಾಂದೆನ್' ಇತ್ತು. ಟೈಪ್ ಮಾಡುವಾಗ ತಪ್ಪಾಗಿರಬೇಕು ಅಂದುಕೊಂಡೆ. ಗುರುವಾರ ಅವರ ಲಾರಿ ಬರುತ್ತೆ ಅಂತ ಗೇಟಿಗೆ ಹೇಳಿಟ್ಟೆ. ಅವರು ನಮ್ಮ ಲಾರಿಗೆ ಕಾಯುತ್ತಿದ್ದರು. ಶುಕ್ರವಾರ ಅವರ ಲೈನ್ ನಿಂತಿತು. ಬಿಲ್ಲಿನಲ್ಲಿ ದಂಡ ಹಿಡಿದುಕೊಂಡರು. ಆ ಗ್ರಾಹಕರ ಕೆಲಸವನ್ನು ನನ್ನ ಕೈಯಿಂದ ತೆಗೆದು ಬೇರೆಯವರಿಗೆ ಕೊಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 'ದೀಸೆ ಕೆ' (ಹೀಗಂತ ಹೇಳುತ್ತಾರೆ) ಆದಮೇಲೆ ಮಾಂದಾನ್ ಬಂದರೆ ಅದು ಸುದ್ದಿ: ಕಳಿಸುತ್ತಾರಂತೆ. ಮಾಂದೆನ್ ಬಂದರೆ ಅಪ್ಪಣೆ: ಕಳಿಸಬೇಕಂತೆ. ನೀವು, ಅವರು ಎರಡಕ್ಕೂ ಮೆಕ್ಸಿಕೊದಲ್ಲಿ ಕ್ರಿಯಾಪದದ ಕೊನೆ ಒಂದೇ. ಯಾರು ಅನ್ನುವುದನ್ನು ನಮ್ಮ ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಯಾರು ಯಾರಿಗೆ ಕಳಿಸಬೇಕು ಅನ್ನುವುದಕ್ಕೆ ಆ ವಾಕ್ಯದಲ್ಲಿದ್ದ ಗುರುತು ಆ 'ಎ' ಸ್ವರ ಮಾತ್ರ. ನಾನು ತಿದ್ದಿಕೊಂಡು ಓದಿದ್ದು ಅದನ್ನೇ.

ಸಂಕಟ ಏನೆಂದರೆ, ಈ ರೂಪ ದಿನಾ ಕಿವಿಗೆ ಬೀಳುತ್ತಿತ್ತು. ಮೆಕ್ಸಿಕೊದಲ್ಲಿ ಮಾತು ಕೇಳಿಸದಿದ್ದರೆ 'ಮಾಂದೆ?' ಅನ್ನುತ್ತಾರೆ. ಅಪ್ಪಣೆ ಕೊಡಿ ಅಂತ. ಅದೂ ಮಾಂದಾರ್ ಕ್ರಿಯಾಪದವೇ, ಅದೇ 'ಎ'.

ನಿಯಮಿತ ಕ್ರಿಯಾಪದಗಳ ಸೂತ್ರ ಐದು ನಿಮಿಷದ್ದು. 'ನಾನು' ರೂಪದ ಕೊನೆಯ 'ಒ' ತೆಗೆಯಿರಿ. ಮಾಂದಾರ್ ಹಾಗೆ 'ಆರ್' ಅಂತ ಮುಗಿಯುವ ಗುಂಪಿಗೆ 'ಎ' ಹಚ್ಚಿ, 'ಎರ್' ಮತ್ತು 'ಇರ್' ಗುಂಪಿಗೆ 'ಆ' ಹಚ್ಚಿ. ಮಾಂದೊ, ಮಾಂದೆ. ತಿನ್ನುವುದಕ್ಕೆ ಕೊಮೊ, ಕೊಮಾ. ಬಾಳುವುದಕ್ಕೆ ವಿವೊ, ವಿವಾ. ಸೆಪ್ಟೆಂಬರ್ 15ರ ರಾತ್ರಿ ಇಡೀ ದೇಶ ಕೂಗುವ 'ವಿವಾ ಮೆಕ್ಸಿಕೊ' ಇದೇ ಸಬ್‌ಜಂಕ್ಟಿವ್. ಮೆಕ್ಸಿಕೊ ಬಾಳಲಿ!

ನೋಡಿ, 'ಬಾಳಲಿ'. ನಮಗೆ ಇದು ಹೊಸದೇ ಅಲ್ಲ. 'ಅವನು ತಿನ್ನಲಿ ಅಂತ ಮಾಡಿದೆ' ಅನ್ನುವಾಗ ಆ 'ಲಿ' ಮಾಡುವ ಕೆಲಸವೇ ಅಲ್ಲಿ ಸ್ವರ ಬದಲಿಸಿ ಆಗುತ್ತದೆ. ಇಂಗ್ಲಿಷ್ ಮೂಲಕ ಕಲಿತದ್ದರಿಂದಲೇ ನನಗೆ ಕಷ್ಟವಾಯಿತು ಅಂತ ಈಗ ಅನಿಸುತ್ತದೆ. ಆಸೆ, ಅಪ್ಪಣೆ, ಹಾರೈಕೆ ಇರುವ ಕಡೆ ಮೊದಲು 'ಲಿ' ಹಾಕಿ ಯೋಚಿಸಿ. ಎಲ್ಲ ಕಡೆಗೂ ಇದು ಒಗ್ಗುವುದಿಲ್ಲ. 'ನೀನು ಬಂದಾಗ ಫೋನ್ ಮಾಡು' ಅನ್ನುವಲ್ಲಿ ನಮಗೆ 'ಲಿ' ಬೇಡ, ಅವರಿಗೆ ಸಬ್‌ಜಂಕ್ಟಿವ್ ಬೇಕೇ ಬೇಕು: 'ಕ್ವಾಂದೊ ಯೆಗೆಸ್'. ಅದನ್ನು ಬೇರೆಯಾಗಿ ಕಲಿಯಿರಿ.

ಯಾವ ಪದದ ನಂತರ ಸಬ್‌ಜಂಕ್ಟಿವ್ ಬರುತ್ತೆ ಅನ್ನುವ ಉದ್ದ ಪಟ್ಟಿಗಳನ್ನು ಸುಮ್ನೆ ಉರು ಹೊಡೆಯಬೇಡಿ. ನಿಮಗೆ ಬರುವ ಸ್ಪ್ಯಾನಿಷ್ ಮೆಸೇಜ್‌ಗಳನ್ನೇ ತೆಗೆದು, 'ಕೆ' ಆದಮೇಲಿನ ಕ್ರಿಯಾಪದದ ಸ್ವರಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಹತ್ತು ದಿನ ಮಾಡಿ. ಮಾತಾಡುವುದು ಆಮೇಲೆ.