ಹಡಗಿನ ಚಿತ್ರ ಕೊಳ್ಳುವ ಮುನ್ನ ಬೆನ್ನು ನೋಡಿ

ಪ್ರಶ್ನೆ: ಇಲ್ಲಿ ಹಳೇ ಮನೆಯೊಂದರ ಸಾಮಾನು ಮಾರುತ್ತಿದ್ದಾರೆ. ಅದರಲ್ಲಿ ಮೂರು ಕೂವೆಕಂಬದ ಹಾಯಿಹಡಗಿನ ತೈಲವರ್ಣ ಚಿತ್ರವಿದೆ, ಕ್ಯಾನ್ವಾಸ್ ಮೇಲೆ, 22×36 ಇಂಚು. ಮೂಲೆಯಲ್ಲಿ ‘ಎ. ಜೇಕಬ್ಸನ್ 1886’ ಎಂಬ ಸಹಿ, ಹಡಗಿನ ಹಿಂಬದಿಗೆ ಅಮೆರಿಕದ ಬಾವುಟ. ಅಸಲಿಯೋ ನಕಲಿಯೋ ತಿಳಿಯುವುದು ಹೇಗೆ? ಬಣ್ಣ ಮಾಸಿದೆ, ಒರೆಸಬಹುದೇ?
– ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಆಂಟೋನಿಯೊ ಜೇಕಬ್ಸನ್ (1850–1921) ಕೋಪನ್‌ಹೇಗನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಮೊದಲು ಕಬ್ಬಿಣದ ತಿಜೋರಿಗಳ ಮೇಲೆ ಅಲಂಕಾರ ಬರೆಯುತ್ತಿದ್ದರು. ಆಮೇಲೆ ಕಪ್ತಾನರಿಗೂ ಮಾಲೀಕರಿಗೂ ಅವರವರ ಹಡಗಿನ ಚಿತ್ರ ಬರೆದುಕೊಟ್ಟರು, ಅದೂ ಸಾವಿರಗಟ್ಟಲೆ. ನಿಮ್ಮ ರಾಜ್ಯದ ವೆಸ್ಟ್ ಹೊಬೊಕೆನ್‌ನಲ್ಲೇ ಅವರ ಮನೆಯಿತ್ತು. ಸಹಿಯ ಜೊತೆಗೆ ಆ ವಿಳಾಸ ಬರೆದಿರುವ ಚಿತ್ರಗಳೂ ಬಹಳ. ಹಾಗಾಗಿ ನಿಮ್ಮ ಕಡೆ ಒಂದು ಸಿಕ್ಕರೆ ಆಶ್ಚರ್ಯವಿಲ್ಲ. ಆದರೂ ಸಹಿಗೆ ಮರುಳಾಗಬೇಡಿ, ಚಿತ್ರದಲ್ಲಿ ಆಮೇಲೆ ಸೇರಿಸಲು ಅತಿ ಸುಲಭವಾದದ್ದು ಅದೇ.

ಮೊದಲು ಬೆನ್ನು ತಿರುಗಿಸಿ. ಹಳೇ ಬಟ್ಟೆ ಕಂದು ತಿರುಗಿರಬೇಕು, ಅಂಚಿನ ಮೊಳೆಗಳ ಸುತ್ತ ತುಕ್ಕಿನ ಕಲೆ ಇರಬೇಕು, ಮರದ ಚೌಕಟ್ಟಿನ ಮೂಲೆಗಳಲ್ಲಿ ಬಿಗಿಮಾಡುವ ಬೆಣೆ ಇರಬೇಕು. ಸ್ಟೇಪ್ಲರ್ ಪಿನ್ನು ಕಂಡರೆ ಕೂಡಲೇ ನಕಲಿ ಅನ್ನಬೇಡಿ, ರಿಪೇರಿಯಲ್ಲಿ ಮರುಬಿಗಿದಿರಬಹುದು.

ಈಗ ಮುಂದೆ ಬನ್ನಿ, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿ ಕಂಡರೆ ಅದು ಮುದ್ರಣ, ಮೇಲೆ ಬ್ರಷ್‌ನಿಂದ ಪಾರದರ್ಶಕ ಲೇಪ ಹಚ್ಚಿದ್ದಾರೆ. ಆ ಲೇಪದ ಗೀರು ಹಡಗು, ಆಕಾಶ ಎನ್ನದೆ ಅಡ್ಡಾದಿಡ್ಡಿ ಹೋಗಿರುತ್ತದೆ. ಅಸಲಿಯಲ್ಲಿ ಹಾಯಿ, ಕಂಬಗಳಿಗೆ ಕಟ್ಟಿದ ಒಂದೊಂದು ಹಗ್ಗವೂ ಒಣಗಿದ ಆಕಾಶದ ಮೇಲೆ ಎಳೆದ ಗೆರೆ. ಓರೆಯಾಗಿ ಟಾರ್ಚ್ ಬಿಟ್ಟರೆ ನೂಲಿನಂತೆ ತುಸು ಉಬ್ಬಿ ಕಾಣುತ್ತದೆ.

ಬಾವುಟದ ನಕ್ಷತ್ರ ಎಣಿಸಿ. 1886ರಲ್ಲಿ ಇದ್ದದ್ದು 38. ಇಷ್ಟು ಸಣ್ಣ ಬಾವುಟದಲ್ಲಿ ಕಲಾವಿದ ಕೆಲವನ್ನು ಬಿಟ್ಟಿರಬಹುದು, ಆದರೆ 48 ಇದ್ದರೆ ಅದು 1912ರ ನಂತರದ್ದು. ಬಾವುಟ ಮುಂದಕ್ಕೆ ಹಾರುತ್ತಿದ್ದರೆ ತಪ್ಪೆನ್ನಬೇಡಿ, ಗಾಳಿ ಹಿಂದಿನಿಂದ ಬಂದರೆ ಹಾಗೇ ಹಾರುವುದು. ಹಾಯಿಯೂ ಅದೇ ಗಾಳಿಗೆ ಉಬ್ಬಿದೆಯೇ ನೋಡಿ. ಹಡಗಿನ ಹೆಸರು ಓದಲು ಬಂದರೆ, ಮಿಸ್ಟಿಕ್ ಸೀಪೋರ್ಟ್ ಸಂಗ್ರಹಾಲಯ ಅಂತರ್ಜಾಲಕ್ಕೆ ಹಾಕಿರುವ ಆ ಕಾಲದ ಹಡಗು ನೋಂದಣಿ ಪುಸ್ತಕಗಳಲ್ಲಿ ಹುಡುಕಿ, ಕೂವೆಕಂಬಗಳ ಸಂಖ್ಯೆ ತಾಳೆಯಾಗಬೇಕು.

ಕತ್ತಲೆ ಕೋಣೆಯಲ್ಲಿ ಅತಿನೇರಳೆ ದೀಪ ಬಿಟ್ಟರೆ ಹಳೇ ವಾರ್ನಿಷ್ ಹಸಿರು ಮಂಜಿನಂತೆ ಹೊಳೆಯುತ್ತದೆ, ಆಮೇಲಿನ ತೇಪೆ ಕಪ್ಪಾಗಿ ಕಾಣುತ್ತದೆ. ಸಹಿಯೇ ಕಪ್ಪಾಗಿ ಮೇಲೆ ತೇಲುತ್ತಿದ್ದರೆ ವ್ಯಾಪಾರ ಬಿಡಿ.

ಒರೆಸಬೇಡಿ. ಹೆಚ್ಚಿದ ಆಲೂಗಡ್ಡೆ ಉಜ್ಜುವ ಮನೆಮದ್ದು ಕೇಳಿರಬಹುದು: ಪಿಷ್ಟ ಬಿರುಕಲ್ಲಿ ಕೂತು ಹುಳ ಕರೆಯುತ್ತದೆ, ನೀರು ಒಳಗಿಳಿದು, ಬಣ್ಣದಡಿ ಬಟ್ಟೆಗೆ ಬಳಿದ ಅಂಟಿನ ಪದರ ಉಬ್ಬಿ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸ್ಪಿರಿಟ್ ಹಾಕಿದರೆ ಮೊದಲು ಹೋಗುವುದು ತೆಳ್ಳಗಿನ ಆ ಹಗ್ಗಗಳೇ. ಕಂಬದಿಂದ ಹೊರಟ ಗೆರೆ ಗಾಳಿಯಲ್ಲೇ ನಿಂತುಹೋಗಿದ್ದರೆ ಹಿಂದೆ ಯಾರೋ ಉಜ್ಜಿದ್ದಾರೆ ಎಂದರ್ಥ, ಬೆಲೆ ಇಳಿಸಿ ಕೇಳಿ. ಚಕ್ಕೆ ಏಳದಿದ್ದರೆ ಮೃದುವಾದ ಒಣ ಬ್ರಷ್‌ನಿಂದ ಧೂಳು ಕೊಡವಿ, ಉಳಿದದ್ದು ಚಿತ್ರ ಸಂರಕ್ಷಕರ ಕೆಲಸ.

ರಸೀದಿಯಲ್ಲಿ ‘ಜೇಕಬ್ಸನ್ ಶೈಲಿ’ ಎಂದಲ್ಲ, ‘ಜೇಕಬ್ಸನ್ ರಚಿಸಿದ್ದು’ ಎಂದೇ ಬರೆಸಿಕೊಳ್ಳಿ. ಮಾರುವವರು ಅದಕ್ಕೆ ಹಿಂಜರಿದರೆ ಬರೀ ಗೋಡೆಗೆ ಚೆಂದ ಕಾಣುವ ಚಿತ್ರಕ್ಕೆ ಎಷ್ಟು ಕೊಡುತ್ತೀರೋ ಅಷ್ಟೇ ಕೊಡಿ.